ಟಿವಿಗೆ ಕಂಪ್ಯೂಟರ್ ಹಾಕಿದ್ರೆ ಅಂಚು ಯಾಕೆ ಕಾಣಲ್ಲ? ಎಚ್‌ಡಿಎಂಐ ಬಂದ ದಾರಿ

ಹಳೇ ಡೆಸ್ಕ್‌ಟಾಪನ್ನೋ ಪುಟ್ಟ ಮಿನಿ ಪಿಸಿಯನ್ನೋ ಹಾಲ್‌ನಲ್ಲಿರುವ ಟಿವಿಗೆ ಎಚ್‌ಡಿಎಂಐನಲ್ಲಿ (ಚಿತ್ರ, ಶಬ್ದ ಎರಡನ್ನೂ ಒಯ್ಯುವ ಕೇಬಲ್) ಜೋಡಿಸಿದವರಿಗೆ ಈ ತಲೆನೋವುಗಳಲ್ಲಿ ಒಂದಾದರೂ ಗೊತ್ತಿರುತ್ತದೆ. ಚಿತ್ರ ಬರುತ್ತದೆ, ಆದರೆ ಟಾಸ್ಕ್‌ಬಾರ್ ಅರ್ಧ ಮುಳುಗಿರುತ್ತದೆ. ಇಲ್ಲವೇ ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ. ಚಿತ್ರ ಸರಿ ಇದ್ದರೆ ಶಬ್ದ ಇರುವುದಿಲ್ಲ. ಒಮ್ಮೊಮ್ಮೆ ಪರದೆಯೇ ಪೂರ್ತಿ ಕಪ್ಪು. ಅಂಗಡಿಯಲ್ಲಿ ಕೇಳಿದರೆ ಕೇಬಲ್ ಬದಲಾಯಿಸಿ ಅಂತಾರೆ. ಬಹಳಷ್ಟು ಸಲ ತಪ್ಪು ಕೇಬಲ್‌ದಲ್ಲ. ಇದರಲ್ಲಿ ಒಂದೊಂದಕ್ಕೂ ಹಳೇ ಕಾರಣ ಇದೆ. ಕೆಲವು ಟ್ಯೂಬ್ ಟಿವಿ ಕಾಲದವು, ಇನ್ನು ಕೆಲವು ಸಿನಿಮಾ ಕಂಪನಿಗಳ ಭಯದಿಂದ ಹುಟ್ಟಿದವು. ಆ ಕಥೆ ಗೊತ್ತಿದ್ದರೆ ಯಾವ ಮೆನು ತೆರೆಯಬೇಕು ಅನ್ನುವುದೂ ಗೊತ್ತಾಗುತ್ತದೆ.

ಅಂಚಿನಿಂದಲೇ ಶುರು ಮಾಡೋಣ. ಟ್ಯೂಬ್ ಟಿವಿಯಲ್ಲಿ ಚಿತ್ರದ ಅಳತೆ ಒಂದೇ ಸಮ ನಿಲ್ಲುತ್ತಿರಲಿಲ್ಲ. ವೋಲ್ಟೇಜ್ ಏರಿಳಿದರೆ, ಟಿವಿಗೆ ವಯಸ್ಸಾದರೆ, ಅಷ್ಟೇ ಯಾಕೆ, ಕತ್ತಲೆಯ ದೃಶ್ಯದಿಂದ ಇದ್ದಕ್ಕಿದ್ದಂತೆ ಬೆಳಕಿನ ದೃಶ್ಯಕ್ಕೆ ಹೋದರೂ ಸಾಕು, ಚಿತ್ರ ಸ್ವಲ್ಪ ಹಿಗ್ಗುತ್ತಿತ್ತು ಅಥವಾ ಕುಗ್ಗುತ್ತಿತ್ತು. ಕುಗ್ಗಿದಾಗ ಸುತ್ತ ಕಪ್ಪು ಪಟ್ಟಿ ಕಾಣಬಾರದು ಅಂತ ತಯಾರಕರು ಮೊದಲೇ ಚಿತ್ರವನ್ನು ಪರದೆಗಿಂತ ಒಂದಿಷ್ಟು ದೊಡ್ಡದಾಗಿ ಮೂಡಿಸುತ್ತಿದ್ದರು. ಅಂಚಿನ ಭಾಗ ಪ್ಲಾಸ್ಟಿಕ್ ಚೌಕಟ್ಟಿನ ಹಿಂದೆ ಹೋಗುತ್ತಿತ್ತು. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಸ್ಟುಡಿಯೋದವರಿಗೂ ಇದು ಗೊತ್ತಿತ್ತು, ಹಾಗಾಗಿ ಹೆಸರು, ಸ್ಕೋರು, ಸುದ್ದಿಪಟ್ಟಿ ಎಲ್ಲವನ್ನೂ ಅಂಚಿನಿಂದ ಒಳಗೇ ಇಡುತ್ತಿದ್ದರು. ವಿಡಿಯೋ ಎಡಿಟಿಂಗ್ ಮಾಡುವವರು ಇವತ್ತಿಗೂ ಸೇಫ್ ಏರಿಯಾ ಗೆರೆಗಳನ್ನು ನೋಡುತ್ತಾರಲ್ಲ, ಅವು ಅಲ್ಲಿಂದ ಬಂದವು.

ಎಲ್‌ಸಿಡಿ ಬಂದ ಮೇಲೆ ಇದರ ಅಗತ್ಯ ಮುಗಿಯಬೇಕಿತ್ತು. ಅಲ್ಲಿ ಪ್ರತಿ ಪಿಕ್ಸೆಲ್‌ಗೂ ಗೊತ್ತಾದ ಜಾಗ ಇದೆ, ಹಿಗ್ಗುವ ಕುಗ್ಗುವ ಮಾತೇ ಇಲ್ಲ. ಆದರೂ ಅಭ್ಯಾಸ ಉಳಿಯಿತು. ಹಳೇ ಪ್ರಸಾರದ ಚಿತ್ರಗಳಲ್ಲಿ ಅಂಚು ಕೊಳೆಯಾಗಿರುತ್ತಿತ್ತು. ಮೇಲ್ಗಡೆ ಕ್ಯಾಪ್ಷನ್, ಟೆಲಿಟೆಕ್ಸ್ಟ್ ಸಂಕೇತಗಳು ಮಿನುಗುವ ಬಿಳಿ ಚುಕ್ಕೆ ಗೆರೆಗಳಾಗಿ ಕಾಣುತ್ತಿದ್ದವು. ಅದನ್ನು ಮುಚ್ಚಲು ಟಿವಿ ತಯಾರಕರು ಚಿತ್ರದ ಸುತ್ತ ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಎಳೆದು ಪರದೆ ತುಂಬಿಸಿದರು. ಸೀರಿಯಲ್ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಜೋಡಿಸಿದವರಿಗೆ ಮಾತ್ರ ಎರಡು ಕಡೆಯಿಂದ ಪೆಟ್ಟು. ಸ್ಟಾರ್ಟ್ ಬಟನ್ ಮಾಯ. ಜೊತೆಗೆ, ಎಳೆದಿದ್ದರಿಂದ ಕಂಪ್ಯೂಟರ್‌ನ ಒಂದು ಪಿಕ್ಸೆಲ್ ಟಿವಿಯ ಒಂದು ಪಿಕ್ಸೆಲ್ ಮೇಲೆ ಕೂರುವುದಿಲ್ಲ, ಅಕ್ಷರಗಳೆಲ್ಲ ಮಂಜು ಮಂಜು.

ಇದನ್ನು ಸರಿ ಮಾಡಬೇಕಾದ್ದು ಟಿವಿಯಲ್ಲಿ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್ ಅಂತಿರುತ್ತದೆ, ಸೋನಿಯಲ್ಲಿ ಫುಲ್ ಪಿಕ್ಸೆಲ್, ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್ ಫಿಟ್ ಅಥವಾ ಫಿಟ್ ಟು ಸ್ಕ್ರೀನ್. ಕೆಲವು ಟಿವಿಗಳಲ್ಲಿ ಆ ಇನ್‌ಪುಟ್‌ಗೆ ಪಿಸಿ ಅಂತ ಹೆಸರು ಕೊಟ್ಟರೆ ಸಾಕು, ಟಿವಿ ತನ್ನ ಕೈಚಳಕವನ್ನೆಲ್ಲ ಬದಿಗಿಟ್ಟು ಬಂದ ಚಿತ್ರವನ್ನು ಬಂದ ಹಾಗೆ ತೋರಿಸುತ್ತದೆ. ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಸ್ಲೈಡರ್ ಎಳೆದು ಚಿತ್ರ ಚಿಕ್ಕದು ಮಾಡುವ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಕಂಪ್ಯೂಟರ್ ಕುಗ್ಗಿಸುತ್ತದೆ, ಟಿವಿ ಹಿಗ್ಗಿಸುತ್ತದೆ, ಅಂಚು ಸಿಗುತ್ತದೆ, ಆದರೆ ಚಿತ್ರ ಎರಡು ಸಲ ಕೆಟ್ಟಿರುತ್ತದೆ.

ನಮ್ಮಲ್ಲಿ ಜಾಸ್ತಿ ಮನೆಗಳಿಗೆ ಮೊದಲು ಬಂದ ಎಚ್‌ಡಿ ರೆಡಿ 32 ಇಂಚಿನ ಟಿವಿಯಲ್ಲಿ ಇನ್ನೊಂದು ಪೇಚು ಇತ್ತು. ಅದರ ಪರದೆ 1366×768. ಈ ಅಳತೆಯಲ್ಲಿ ಯಾವ ಚಾನೆಲ್ಲೂ ಬರುವುದಿಲ್ಲ. ಎಚ್‌ಡಿ ಪ್ರಸಾರದಲ್ಲಿ ಇರುವುದು 1280×720 ಅಥವಾ 1920×1080. ಟಿವಿ ಕೂಡ ಎಚ್‌ಡಿಎಂಐ ಮೂಲಕ ಆ ಎರಡನ್ನೇ ತನ್ನ ಅಳತೆ ಅಂತ ಹೇಳಿಕೊಳ್ಳುವುದು ಸಾಮಾನ್ಯವಾಗಿತ್ತು. 1366 ಎಂಟರಿಂದ ಭಾಗವಾಗದ ಸಂಖ್ಯೆಯಾದ್ದರಿಂದ ಹಳೇ ಗ್ರಾಫಿಕ್ಸ್ ಕಾರ್ಡ್‌ಗಳು 1360ಕ್ಕೇ ನಿಲ್ಲುತ್ತಿದ್ದವು. ಎಚ್‌ಡಿಎಂಐನಲ್ಲಿ ಬಂದ ಚಿತ್ರವನ್ನು ಟಿವಿ ಎಳೆದು ಅಥವಾ ಕುಗ್ಗಿಸಿ ಹೊಂದಿಸಬೇಕಿತ್ತು. ಹಾಗಾಗಿ ಅಂಥ ಟಿವಿಯಲ್ಲಿ ಹೊಸ ಎಚ್‌ಡಿಎಂಐಗಿಂತ ಮಾನಿಟರ್‌ಗಳ ಹಳೇ ವಿಜಿಎ ಕೇಬಲ್‌ನಲ್ಲೇ ಅಕ್ಷರ ಚೊಕ್ಕಟವಾಗಿ ಬರುವುದಿತ್ತು.

ಟಿವಿ ತನ್ನ ಅಳತೆ ಹೇಳಿಕೊಳ್ಳುವುದು ಅಂದೆನಲ್ಲ, ಅದಕ್ಕೆ ಇಡಿಐಡಿ ಅಂತ ಹೆಸರು. ಪರದೆಗಳ ಮಾನದಂಡ ಮಾಡುವ ವೆಸಾ ಸಂಸ್ಥೆ 1994ರಲ್ಲಿ ತಂದದ್ದು. ಮಾನಿಟರ್ ಒಳಗೆ 128 ಬೈಟ್‌ಗಳ ಒಂದು ಚೀಟಿ. ನಾನು ಯಾರು, ಯಾವ ಯಾವ ಅಳತೆ ನನಗೆ ಆಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಟಿವಿಗಳಿಗೆ ಬಂದಾಗ ಇನ್ನೊಂದು 128 ಬೈಟ್ ಸೇರಿತು, ಯಾವ ಥರದ ಶಬ್ದ ಹಿಡಿಯುತ್ತೇನೆ ಅನ್ನುವುದೂ ಅದರಲ್ಲೇ ಇದೆ. ಕಂಪ್ಯೂಟರ್ ಆನ್ ಆಗುವಾಗ ಈ ಚೀಟಿ ಓದಲು ಸಿಗದಿದ್ದರೆ ಅದು ಊಹೆ ಮಾಡುತ್ತದೆ: ಇದು ಬರೀ ಮಾನಿಟರ್ ಇರಬೇಕು, ಶಬ್ದ ಬೇಡ. ಮೊದಲು ಟಿವಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿ ಅಂತ ಹೇಳುವುದು ಇದಕ್ಕೇ. ನಡುವೆ ಆಂಪ್ಲಿಫೈಯರ್ ಇದ್ದರೆ ಅದನ್ನೂ ಮೊದಲೇ ಆನ್ ಮಾಡಿ.

ಶಬ್ದದ ಕಥೆಗೆ ಡಿವಿಐ ಹತ್ತಿರ ಹೋಗಬೇಕು. 1999ರಲ್ಲಿ ಇಂಟೆಲ್, ಸಿಲಿಕಾನ್ ಇಮೇಜ್, ಐಬಿಎಂ, ಎಚ್‌ಪಿ ಮುಂತಾದವರು ಸೇರಿ ಡಿವಿಐ ತಂದರು. ಅದು ಕಂಪ್ಯೂಟರ್ ಮಾನಿಟರ್‌ಗಾಗಿ ಮಾಡಿದ್ದು, ಬರೀ ಚಿತ್ರ. 2002ರ ಡಿಸೆಂಬರ್‌ನಲ್ಲಿ ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ, ಪ್ಯಾನಸಾನಿಕ್‌ನ ಮಾಟ್ಸುಷಿಟಾ, ಥಾಮ್ಸನ್ ಮತ್ತು ಸಿಲಿಕಾನ್ ಇಮೇಜ್ ಸೇರಿ ಅದೇ ತಂತ್ರಕ್ಕೆ ಶಬ್ದವನ್ನೂ ಹಾಕಿ 19 ಪಿನ್‌ಗಳ ಎಚ್‌ಡಿಎಂಐ ತಂದರು. ಟಿವಿ ಕಡೆಯವರು ಬೇಗ ಒಪ್ಪಿಕೊಂಡರು. ಕಂಪ್ಯೂಟರ್ ಕಡೆ ವರ್ಷಗಟ್ಟಲೆ ಡಿವಿಐ ಸಾಕೆಟ್ಟೇ ಉಳಿಯಿತು. ಅಡಾಪ್ಟರ್ ಹಾಕಿದರೆ ಚಿತ್ರ ಬರುತ್ತಿತ್ತು, ಶಬ್ದಕ್ಕೆ ಬೇರೆ ವೈರು. ಕೆಲವು ಎನ್‌ವಿಡಿಯಾ ಕಾರ್ಡ್‌ಗಳಲ್ಲಂತೂ ಕ್ಯಾಬಿನೆಟ್ ಬಿಚ್ಚಿ, ಮದರ್‌ಬೋರ್ಡ್‌ನಿಂದ ಗ್ರಾಫಿಕ್ಸ್ ಕಾರ್ಡ್‌ಗೆ ಎರಡೆಳೆಯ ಪುಟ್ಟ ವೈರನ್ನು ಚುಚ್ಚಬೇಕಿತ್ತು. ಇನ್ನೊಂದು ಗ್ರಾಫಿಕ್ಸ್ ಕಂಪನಿ ಎಟಿಐ 2007ರ ರೇಡಿಯಾನ್ ಎಚ್‌ಡಿ 2000 ಸರಣಿಯಲ್ಲಿ ಶಬ್ದವನ್ನು ಕಾರ್ಡ್ ಒಳಗೇ ತಂದಿತು. ಈಗ ಆ ವೈರಿನ ಕಾಟ ಇಲ್ಲ, ಆದರೆ ವಿಂಡೋಸ್ ಸ್ಪೀಕರ್ ಪಟ್ಟಿಯಲ್ಲಿ ಟಿವಿಯ ಹೆಸರನ್ನು ನಾವೇ ಆರಿಸಬೇಕಾದ ಸಂದರ್ಭ ಈಗಲೂ ಬರುತ್ತದೆ.

ಪರದೆ ಪೂರ್ತಿ ಕಪ್ಪಾಗುವುದರ ಹಿಂದೆ ಇರುವುದು ಎಚ್‌ಡಿಸಿಪಿ. ನನಗೆ ಈ ಇಡೀ ಕಥೆಯಲ್ಲಿ ಬೇಸರ ತರುವ ಭಾಗ ಇದೇ. ಡಿಜಿಟಲ್ ಕೇಬಲ್‌ನಲ್ಲಿ ಚೊಕ್ಕ ಚಿತ್ರ ಹೊರಗೆ ಬಂದರೆ ಯಾರಾದರೂ ನಕಲು ಮಾಡಿಕೊಳ್ಳುತ್ತಾರೆ ಅಂತ ಸಿನಿಮಾ ಕಂಪನಿಗಳು ಹೆದರಿದವು. ಇಂಟೆಲ್ ಒಂದು ಬೀಗ ಮಾಡಿಕೊಟ್ಟಿತು. ಕಂಪ್ಯೂಟರ್ ಮತ್ತು ಟಿವಿ ಮೊದಲು ಕೀಲಿ ತೋರಿಸಿ ಪರಿಚಯ ಮಾಡಿಕೊಳ್ಳಬೇಕು, ಆಮೇಲೇ ಚಿತ್ರ. ಬ್ಲೂ-ರೇ ಡಿಸ್ಕ್ ದುಡ್ಡು ಕೊಟ್ಟು ತಂದವರ ಕಂಪ್ಯೂಟರ್‌ನಲ್ಲಿ ಪ್ಲೇಯರ್ ಸಾಫ್ಟ್‌ವೇರ್, ಗ್ರಾಫಿಕ್ಸ್ ಕಾರ್ಡ್, ಟಿವಿ, ಎಲ್ಲವೂ ಈ ಬೀಗಕ್ಕೆ ಒಪ್ಪಬೇಕಿತ್ತು. ಒಂದು ಒಪ್ಪದಿದ್ದರೆ ಕಪ್ಪು ಪರದೆ. ಅಮೆರಿಕದಲ್ಲಿ ಎಚ್‌ಡಿಎಂಐ ಬರುವ ಮೊದಲೇ ದುಬಾರಿ ಎಚ್‌ಡಿ ಟಿವಿ ಕೊಂಡ ಅನೇಕರ ಹತ್ತಿರ ಮೂರು ವೈರಿನ ಅನಲಾಗ್ ಕಾಂಪೊನೆಂಟ್ ಸಾಕೆಟ್ ಮಾತ್ರ ಇತ್ತು. ಬ್ಲೂ-ರೇ ನಿಯಮದಲ್ಲಿ 2010ರ ಕೊನೆಯ ನಂತರ ತಯಾರಾಗುವ ಪ್ಲೇಯರ್‌ಗಳ ಅನಲಾಗ್ ಚಿತ್ರವನ್ನು ಸಾಮಾನ್ಯ ದರ್ಜೆಗೆ ಇಳಿಸಿದರು, 2013ರ ಕೊನೆಯ ನಂತರದವುಗಳಲ್ಲಿ ಅದನ್ನೂ ತೆಗೆದರು. ಮೊದಲು ದುಡ್ಡು ಹಾಕಿದವರಿಗೇ ಬಾಗಿಲು ಮುಚ್ಚಿತು.

ಇಷ್ಟೆಲ್ಲ ಮಾಡಿ ನಕಲು ನಿಂತಿತಾ? ಇಲ್ಲ. ಬ್ಲೂ-ರೇ ಡಿಸ್ಕ್‌ಗೇ ಇದ್ದ ಬೇರೆ ಬೀಗದ ಕೀಲಿಗಳು 2007ರಲ್ಲೇ ಇಂಟರ್ನೆಟ್‌ನಲ್ಲಿ ಓಡಾಡುತ್ತಿದ್ದವು. ನಕಲು ಮಾಡುವವರು ಡಿಸ್ಕ್‌ನಿಂದಲೇ ಎತ್ತಿಕೊಂಡರು, ಕೇಬಲ್ ತಂಟೆಗೇ ಅವರು ಹೋಗಬೇಕಾಗಿರಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಎಚ್‌ಡಿಸಿಪಿಯ ಮೂಲ ಕೀಲಿಯೂ ಬಯಲಾಯಿತು, ಅದು ನಿಜ ಅಂತ ಇಂಟೆಲ್ ಕೂಡ ಒಪ್ಪಿಕೊಂಡಿತು. ಆದರೂ ಬೀಗ ಹೋಗಲಿಲ್ಲ. 4ಕೆ ಕಾಲಕ್ಕೆ ಎಚ್‌ಡಿಸಿಪಿ 2.2 ಬಂತು. ನೆಟ್‌ಫ್ಲಿಕ್ಸ್ 4ಕೆ ನೋಡಬೇಕಾದರೆ ನಡುವಿನ ಆಂಪ್ಲಿಫೈಯರ್, ಸ್ಪ್ಲಿಟರ್ ಎಲ್ಲ ಅದನ್ನು ಒಪ್ಪಬೇಕು. ಹಳೇದೊಂದು ಮಧ್ಯೆ ಕೂತರೆ ಚಿತ್ರ 4ಕೆಯಿಂದ ಕೆಳಗಿಳಿಯುತ್ತದೆ ಅಥವಾ ಬರುವುದೇ ಇಲ್ಲ. ಕಪ್ಪು ಪರದೆ ಕಂಡರೆ ನಡುವಿನದ್ದೆಲ್ಲ ತೆಗೆದು ನೇರ ಟಿವಿಗೆ ಹಾಕಿ ನೋಡಿ ಅನ್ನುವುದು ಸುಮ್ನೆ ಹೇಳುವ ಮಾತಲ್ಲ.

ಕಪ್ಪು ಬೂದಿಯಾಗುವುದಕ್ಕೆ ಕಾರಣ 1982ರದ್ದು. ಆಗ ಬಂದ 601 ಅನ್ನುವ ಡಿಜಿಟಲ್ ವಿಡಿಯೋ ಮಾನದಂಡದಲ್ಲಿ 0ಯಿಂದ 255ರ ಹೊಳಪಿನ ಅಳತೆಯೊಳಗೆ ಕಪ್ಪನ್ನು 16ಕ್ಕೆ, ಬಿಳಿಯನ್ನು 235ಕ್ಕೆ ಇಟ್ಟರು. ಅನಲಾಗ್ ಸಂಕೇತ ಗಡಿ ದಾಟಿ ಜಿಗಿಯುತ್ತಿತ್ತು, ಅದಕ್ಕೆ ಎರಡೂ ಕಡೆ ಜಾಗ ಬೇಕಿತ್ತು. ಕಂಪ್ಯೂಟರ್‌ನವರು ಆ ರಗಳೆ ಇಲ್ಲದೆ 0ಯನ್ನೇ ಕಪ್ಪು ಮಾಡಿದರು. ಕಂಪ್ಯೂಟರ್ 16ರಿಂದ ಶುರು ಮಾಡಿ ಕಳಿಸಿ, ಟಿವಿ 0ಯಿಂದ ಓದಿದರೆ ಕಪ್ಪು ಬೂದಿಯಾಗುತ್ತದೆ. ಉಲ್ಟಾ ಆದರೆ ರಾತ್ರಿ ದೃಶ್ಯದಲ್ಲಿ ಕರಿ ಕೂದಲು, ಕರಿ ಕೋಟು ಎಲ್ಲ ಒಂದೇ ಮುದ್ದೆ. ಅಗಲ ಪರದೆಯ ಸಿನಿಮಾ ಹಾಕಿ, ದೀಪ ಆರಿಸಿ, ಮೇಲೆ ಕೆಳಗಿನ ಕಪ್ಪು ಪಟ್ಟಿಗಳನ್ನು ನೋಡಿ. ಅವು ಕೂಡ ಮಂಕಾಗಿ ಬೆಳ್ಳಗಿದ್ದರೆ ಕಂಪ್ಯೂಟರ್ ಕಡೆ ಫುಲ್ ಅಥವಾ ಲಿಮಿಟೆಡ್, ಟಿವಿ ಕಡೆ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಎರಡನ್ನೂ ಹೊಂದಿಸಬೇಕು.

ಇನ್ನು ಚಿತ್ರ ಸಣ್ಣಗೆ ಜಗ್ಗಿದಂತಾಗುವುದು. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಅದು ಎದ್ದು ಕಾಣುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಭಾರತದ ಟಿವಿ ಪ್ರಸಾರ ಪಾಲ್ ಅನ್ನುವ ಹಳೇ ಅನಲಾಗ್ ಪದ್ಧತಿಯ ಕಾಲದಿಂದ 50 ಹರ್ಟ್ಜ್ (ಸೆಕೆಂಡಿಗೆ 50 ಸಲ) ಲೆಕ್ಕದ್ದು, ಸೀರಿಯಲ್ಲು ಸುದ್ದಿ ಎಲ್ಲ ಸೆಕೆಂಡಿಗೆ 25 ಚಿತ್ರ. ಕಂಪ್ಯೂಟರ್ ಮಾತ್ರ ತನ್ನ ಪಾಡಿಗೆ 60ರಲ್ಲಿ ಕೂತಿರುತ್ತದೆ. 25ನ್ನು 60ಕ್ಕೆ ಹೊಂದಿಸಲು ಕೆಲವು ಚಿತ್ರಗಳನ್ನು ಎರಡು ಸಲ, ಕೆಲವನ್ನು ಮೂರು ಸಲ ತೋರಿಸಬೇಕು, ಕಣ್ಣಿಗೆ ಅದು ತಡವರಿಕೆಯಾಗಿ ಕಾಣುತ್ತದೆ. ಸಿನಿಮಾದ 24 ಕೂಡ ಡಿಸ್ಕ್‌ನಲ್ಲಿ ಹೆಚ್ಚಾಗಿ 23.976. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿಗಾಗಿ ವೇಗವನ್ನು ಸಾವಿರಕ್ಕೆ ಒಂದರಷ್ಟು ಇಳಿಸಿದರು, ಅದರ ಬಾಲ ಇದು. 2011ರ ಇಂಟೆಲ್ ಸ್ಯಾಂಡಿ ಬ್ರಿಜ್ ಚಿಪ್‌ಗಳು 23.976ರ ಬದಲು 24 ಕೊಡುತ್ತಿದ್ದವು, ಸುಮಾರು 40 ಸೆಕೆಂಡಿಗೊಮ್ಮೆ ಚಿತ್ರ ಒಂದು ಕ್ಷಣ ತಡೆಯುತ್ತಿತ್ತು. ಹೋಮ್ ಥಿಯೇಟರ್ ಪಿಸಿ ಕಟ್ಟುವವರು ಇದಕ್ಕಾಗಿ ಎಷ್ಟು ಗಲಾಟೆ ಮಾಡಿದರೆಂದರೆ, 2013ರ ಹ್ಯಾಸ್ವೆಲ್ ಚಿಪ್‌ಗಳ ವಿಮರ್ಶೆಗಳಲ್ಲಿ ಇದನ್ನೇ ಮೊದಲು ಅಳೆದು ನೋಡಿದವರಿದ್ದರು. 2002ರಲ್ಲಿ ಎಕ್ಸ್‌ಬಾಕ್ಸ್ ಗೇಮ್ ಯಂತ್ರಕ್ಕಾಗಿ ಹುಟ್ಟಿ ಮುಂದೆ ಕೋಡಿ ಆದ ಪ್ಲೇಯರ್‌ನಲ್ಲಿ, ವಿಡಿಯೋಗೆ ತಕ್ಕಂತೆ ಟಿವಿಯ ವೇಗ ಬದಲಾಯಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಅಷ್ಟೇ.

ಇತ್ತೀಚಿನ ಜಗಳ ವಿಂಡೋಸ್ ಬದಲು ಲಿನಕ್ಸ್ ಬಳಸುವವರದ್ದು. 2017ರಲ್ಲಿ ಬಂದ ಎಚ್‌ಡಿಎಂಐ 2.1ರಲ್ಲಿ ಸೆಕೆಂಡಿಗೆ 48 ಗಿಗಾಬಿಟ್, 4ಕೆ ಚಿತ್ರ 120 ಹರ್ಟ್ಜ್‌ವರೆಗೆ. ಅದರ ವಿವರ ಆ ನಿಯಮ ಮಾಡುವ ಎಚ್‌ಡಿಎಂಐ ಫೋರಂ ಸಂಸ್ಥೆಯ ಸದಸ್ಯರಿಗೆ ಮಾತ್ರ. ಗ್ರಾಫಿಕ್ಸ್ ಚಿಪ್ ಮಾಡುವ ಎಎಂಡಿ ತನ್ನ ಓಪನ್ ಸೋರ್ಸ್ (ಯಾರು ಬೇಕಾದರೂ ಓದಬಹುದಾದ) ಲಿನಕ್ಸ್ ಡ್ರೈವರ್‌ನಲ್ಲಿ ಇದನ್ನು ತರಲು ಹೋದಾಗ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಅನ್ನುವುದು 2024ರ ಫೆಬ್ರುವರಿಯಲ್ಲಿ ಹೊರಬಂತು. ಕಾರ್ಡ್‌ನಲ್ಲೂ ಟಿವಿಯಲ್ಲೂ 2.1 ಇದ್ದು, ನಡುವೆ ಕಾಗದದ ಅಡ್ಡಿ. ಹಾಗಾಗಿ ಕೆಲವರು ಕಾರ್ಡ್‌ನ ಇನ್ನೊಂದು ಸಾಕೆಟ್ಟಾದ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಹಾಕಿ ದಾರಿ ಮಾಡಿಕೊಂಡರು. ವಿಂಡೋಸ್ ಬಳಸುವವರಿಗೆ ಈ ಅಡ್ಡಿ ಇಲ್ಲ. ಸಿನಿಮಾ, ಸೀರಿಯಲ್ ಮಾತ್ರ ನೋಡುವವರೂ ತಲೆಕೆಡಿಸಿಕೊಳ್ಳಬೇಕಿಲ್ಲ, 4ಕೆ 60 ಹರ್ಟ್ಜ್‌ಗೆ 2013ರ ಎಚ್‌ಡಿಎಂಐ 2.0 ಸಾಕು.