ಹಿಂಬಾಗಿಲಿಗೆ ಮಡಚುವ ಟೇಬಲ್: ತೂತು ಎಲ್ಲಿ ಕೊರೆಯಬೇಕು, ಎಷ್ಟು ಭಾರ ಇಡಬಹುದು?

ಪ್ರಶ್ನೆ: ನನ್ನದು ಜಿಮ್ನಿ. ಭಾನುವಾರ ನಾರಿಹಳ್ಳದ ಕಡೆಗೋ ಸಾಣಾಪುರದ ಕಡೆಗೋ ಹೊರಟರೆ ಒಗ್ಗರಣಿ-ಮಿರ್ಚಿ ಪೊಟ್ಟಣ ಬಿಚ್ಚಿಕೊಳ್ಳಲು, ಚಹಾ ಕಾಸಲು ಜಾಗವಿಲ್ಲ. ಹಿಂಬಾಗಿಲಿನ ಒಳಗೆ ಮಡಚುವ ಟೇಬಲ್ ಹಾಕಿಸಬೇಕೆಂದಿದ್ದೇನೆ. ನಮ್ಮ ಮೆಕ್ಯಾನಿಕ್ "ನಾಲ್ಕು ಸ್ಕ್ರೂ ಹೊಡದ್ರ ಮುಗೀತು ಬಿಡ್ರಿ ಸರ್" ಅಂತಾರೆ. ಬಾಗಿಲಿಗೆ ತೂತು ಕೊರೆಯಬಹುದೇ? ಎಷ್ಟು ಭಾರ ತಡೆಯುತ್ತದೆ?
ಓದುಗರು, ಸಂಡೂರು

ಉತ್ತರ: ಕೊರೆಯಬಹುದು. ಆದರೆ ಬಾಗಿಲಿನ ಒಳತಗಡಿಗೆ ಮಾತ್ರ, ಅದೂ ಭಾರವನ್ನು ಹಂಚುವ ಒಂದು ಪ್ಲೇಟು ಇಟ್ಟು. ಇಡುವ ಸಾಮಾನು ಎಂಟು-ಹತ್ತು ಕೆಜಿ ದಾಟದಿರಲಿ. ನಾಲ್ಕು ಸ್ಕ್ರೂ ಹೊಡೆದರೆ ಮುಗಿಯುವುದಿಲ್ಲ.

ಜಿಮ್ನಿ, ಬೊಲೆರೊ, ಗೂರ್ಖಾ ಗಾಡಿಗಳ ಹಿಂಬಾಗಿಲು ಪಕ್ಕಕ್ಕೆ ತೆರೆಯುತ್ತದೆ, ಹೊರಗೆ ಸ್ಟೆಪ್ನಿ ಹೊತ್ತಿರುತ್ತದೆ. ಸುಮಾರು ಇಪ್ಪತ್ತು ಕೆಜಿಯ ಚಕ್ರವನ್ನು ಕಚ್ಚಾ ರಸ್ತೆಯಲ್ಲೂ ತಡೆಯುವಂತೆ ಕೀಲುಗಳನ್ನು ಮಾಡಿರುತ್ತಾರೆ, ಹಾಗಾಗಿ ನಿಮ್ಮ ಟೇಬಲ್ಲು ಅವಕ್ಕೆ ದೊಡ್ಡ ಹೊರೆಯಲ್ಲ. ಸೋಲುವುದು ಒಳಗಿನ ತಗಡು. ಅದು ಒಂದು ಮಿ.ಮೀ.ಗಿಂತಲೂ ತೆಳು. ಅದರ ಮೇಲಿನ ಪ್ಲಾಸ್ಟಿಕ್ ಟ್ರಿಮ್ ಅಂತೂ ಬರೀ ಮುಚ್ಚಳ, ಕ್ಲಿಪ್‌ಗಳ ಮೇಲೆ ನಿಂತಿರುತ್ತದೆ. ತಾನೇ ಎಳೆ ಕೊರೆದುಕೊಳ್ಳುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂವಿಗೆ ಇಷ್ಟು ತೆಳು ತಗಡಿನಲ್ಲಿ ಒಂದು ಸುತ್ತು ಹಿಡಿತವೂ ಸರಿಯಾಗಿ ಸಿಗುವುದಿಲ್ಲ. ಗಾಡಿ ಅಲುಗಿದಂತೆ ತೂತು ಅಗಲವಾಗುತ್ತದೆ, ಬಣ್ಣ ಕಿತ್ತು ತುಕ್ಕು ಹಿಡಿಯುತ್ತದೆ, ಒಂದು ದಿನ ಟೇಬಲ್ಲು ಸ್ಕ್ರೂ ಸಮೇತ ಕೈಗೆ ಬರುತ್ತದೆ.

ಡ್ರಿಲ್ ಮುಟ್ಟುವ ಮುನ್ನ ಸಂದು ಅಳೆಯಿರಿ. ಬಾಗಿಲು ಹಾಕಿದಾಗ ಟ್ರಿಮ್‌ಗೂ ಹಿಂದಿನ ಸೀಟಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಚಪಾತಿ ಹಿಟ್ಟಿನ ನಾಲ್ಕು ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಟೇಬಲ್ ಬರಬೇಕಾದ ಜಾಗದ ನಾಲ್ಕು ಮೂಲೆಗೆ ಟೇಪಿನಿಂದ ಅಂಟಿಸಿ ಬಾಗಿಲನ್ನು ನಿಧಾನ ಹಾಕಿ ತೆಗೆಯಿರಿ. ಅಪ್ಪಚ್ಚಿಯಾದ ಉಂಡೆಯ ದಪ್ಪವೇ ನಿಮಗಿರುವ ಜಾಗ. ಪ್ಲೇಟು, ಹಲಗೆ, ಚಿಲಕ ಎಲ್ಲ ಸೇರಿ 30 ಮಿ.ಮೀ. ಬೇಕಾಗುತ್ತದೆ, ಅದರ ಮೇಲೆ 10 ಮಿ.ಮೀ. ಬಿಡುವು ಇರಲಿ. ಸೀಟಿನ ಬೆನ್ನು ಒರಗಿಸಿದ ಸ್ಥಿತಿಯಲ್ಲೂ ಒಮ್ಮೆ ನೋಡಿ. ಥಾರ್ ಇದ್ದವರಿಗೆ ಗಾಜು ಬೇರೆ, ಕೆಳಗಿನ ಬಾಗಿಲು ಬೇರೆ ಆದ್ದರಿಂದ ಸಿಗುವ ಎತ್ತರವೂ ಕಡಿಮೆ.

ಹಲಗೆ 50 × 35 ಸೆಂ.ಮೀ. ಸಾಕು. 12 ಮಿ.ಮೀ. ಮರೈನ್ ಪ್ಲೈವುಡ್‌ನಲ್ಲಿ ಈ ಅಳತೆ ಸುಮಾರು ಒಂದೂವರೆ ಕೆಜಿ ಬರುತ್ತದೆ. ಕೊಳ್ಳುವಾಗ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತು ನೋಡಿ. 2 ಮಿ.ಮೀ. ಅಲ್ಯೂಮಿನಿಯಂ ಶೀಟು ಇನ್ನೂ ಹಗುರ, ಆದರೆ ಅಂಚು ಮಡಚಿಸದಿದ್ದರೆ ಬಾಗುತ್ತದೆ, ದಾರಿಯುದ್ದಕ್ಕೂ ಸದ್ದು ಮಾಡುತ್ತದೆ. ಈ ಭಾಗದ ಬಿಸಿಲಿಗೆ ಪ್ಲೈವುಡ್ಡೇ ಒಳ್ಳೆಯದು: ಬಳ್ಳಾರಿ, ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ ಕಾರೊಳಗೆ ಕಾದ ಅಲ್ಯೂಮಿನಿಯಂ ಮೇಲೆ ಕೈ ಇಡಲಾಗುವುದಿಲ್ಲ. ಪ್ಲೈವುಡ್‌ನ ಕತ್ತರಿಸಿದ ಅಂಚುಗಳಿಗೆ ಎರಡು ಕೋಟು ಪಿಯು (ಪಾಲಿಯುರೆಥೇನ್) ವಾರ್ನಿಷ್ ಕುಡಿಸಿ. ನೀರು ಹೊಕ್ಕು ಹಲಗೆ ಉಬ್ಬುವುದು ಅಲ್ಲಿಂದಲೇ.

ಇನ್ನು ಪ್ಲೇಟು. 3 ಮಿ.ಮೀ. ಅಲ್ಯೂಮಿನಿಯಂ, 45 × 35 ಸೆಂ.ಮೀ. ಇದು ಟ್ರಿಮ್ ಮೇಲೆ ಕೂರುತ್ತದೆ, ಆರು ಎಂ6 (6 ಮಿ.ಮೀ. ದಪ್ಪದ) ಬೋಲ್ಟುಗಳಲ್ಲಿ ಒಳತಗಡನ್ನು ಹಿಡಿಯುತ್ತದೆ. ಹಲಗೆ, ಕೀಲು, ತಂತಿ ಎಲ್ಲವೂ ಈ ಪ್ಲೇಟಿಗೇ. ತಗಡಿಗೆ ನೇರವಾಗಿ ಏನನ್ನೂ ಕಟ್ಟಬೇಡಿ. ಟ್ರಿಮ್‌ಗೂ ತಗಡಿಗೂ ನಡುವೆ ಟೊಳ್ಳು ಇರುತ್ತದಲ್ಲ, ಪ್ರತಿ ಬೋಲ್ಟಿಗೂ ಆ ಟೊಳ್ಳಿನಷ್ಟೇ ಉದ್ದದ ಲೋಹದ ಬುಷ್ (ಕೊಳವೆ ತುಂಡು) ಹಾಕಿ. ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಬುಷ್ ಇಲ್ಲದೆ ಬಿಗಿದರೆ ಪ್ಲಾಸ್ಟಿಕ್ ಒಳಕ್ಕೆ ಕುಗ್ಗಿ ಬಿರುಕು ಬಿಡುತ್ತದೆ, ಬೋಲ್ಟು ಮತ್ತೆ ಸಡಿಲ.

ಟ್ರಿಮ್ ಬಿಚ್ಚಿದಾಗ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ, ಕಪ್ಪು ಜಿಗುಟು ಗೋಂದಿನಲ್ಲಿ ಅಂಟಿರುತ್ತದೆ. ಅದನ್ನು ಹರಿಯಬೇಡಿ, ಇದು ಅತ್ಯಂತ ಮುಖ್ಯ. ಬಾಗಿಲೊಳಗೆ ಇಳಿದ ಮಳೆನೀರು, ಧೂಳು ಕಾರೊಳಗೆ ಬಾರದಂತೆ ತಡೆಯುವುದು ಅದೇ. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಎದ್ದ ಧೂಳೆಲ್ಲ ಅಲ್ಲಿಗೇ ಸುತ್ತಿ ಬಂದು ಹಿಂಬಾಗಿಲಿಗೆ ಮೆತ್ತಿಕೊಳ್ಳುತ್ತದೆ. ಸಂಡೂರಿನ ಅದಿರು ಲಾರಿಗಳ ದಾರಿಯ ಕೆಂಧೂಳಿಗೆ ಸೂಜಿಮೊನೆಯಷ್ಟು ಸಂದು ಸಾಕು. ಹಾಳೆಯ ಒಂದು ಬದಿ ಮಾತ್ರ ನಿಧಾನ ಬಿಡಿಸಿ, ಕೆಲಸ ಮುಗಿದ ಮೇಲೆ ಬ್ಯುಟೈಲ್ ಟೇಪಿನಿಂದ (ಜಿಗುಟು ರಬ್ಬರಿನ ಟೇಪು) ಮತ್ತೆ ಕೂರಿಸಿ. ಬೋಲ್ಟು ಹಾಯುವ ಪ್ರತಿ ತೂತಿನ ಸುತ್ತಲೂ ಅದೇ ಟೇಪಿನ ಉಂಗುರ ಇರಲಿ.

ಕೊರೆಯುವ ಮೊದಲು ಟಾರ್ಚ್ ಹಾಕಿ ಬಾಗಿಲೊಳಗೆ ನೋಡಿ. ವೈಪರ್ ಮೋಟಾರು, ಸೆಂಟ್ರಲ್ ಲಾಕ್, ಗಾಜಿನ ಹೀಟರ್, ಕ್ಯಾಮೆರಾ, ಎಲ್ಲದರ ವೈರು ಇಲ್ಲೇ ಹಾಯುತ್ತದೆ. ಕಂಪನಿಯೇ ಬಿಟ್ಟಿರುವ ಖಾಲಿ ತೂತುಗಳಿದ್ದರೆ ಮೊದಲು ಅವನ್ನು ಬಳಸಿ. ಇಲ್ಲದ ಕಡೆ ಎಂ6 ರಿವ್‌ನಟ್ (ರಿವೆಟ್‌ನಂತೆ ತಗಡಿಗೆ ಕಚ್ಚಿಕೊಳ್ಳುವ ನಟ್ಟು) ಹಾಕಿಸಿ, ಅದಕ್ಕೆ 9 ಮಿ.ಮೀ. ತೂತು ಬೇಕು. ಮೊದಲು 3 ಮಿ.ಮೀ. ಬಿಟ್‌ನಲ್ಲಿ ಕೊರೆದು ಆಮೇಲೆ ಅಗಲಿಸಿ. ಬಿಟ್‌ನ ತುದಿಯಿಂದ 10 ಮಿ.ಮೀ. ಬಿಟ್ಟು ಟೇಪು ದಪ್ಪಗೆ ಸುತ್ತಿ, ಅಲ್ಲಿಗೆ ನಿಲ್ಲಿಸಿ. ಕೈ ಜಾರಿದರೆ ಹೊರತಗಡಿನಲ್ಲಿ ಗುಬುಟು ಏಳುತ್ತದೆ. ತುದಿಗೆ ಗ್ರೀಸ್ ಸವರಿದರೆ ಕಬ್ಬಿಣದ ಚೂರು ಅದಕ್ಕೇ ಅಂಟುತ್ತದೆ. ಒಳಗೆ ಬಿದ್ದ ಚೂರನ್ನು ಅಯಸ್ಕಾಂತದಿಂದ ಎತ್ತಿ, ಇಲ್ಲದಿದ್ದರೆ ಬಾಗಿಲಿನ ಅಡಿಯ ನೀರು ಬಸಿಯುವ ತೂತಿನ ಬಳಿ ಸೇರಿ ತುಕ್ಕು ಶುರುವಾಗುತ್ತದೆ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿದ ಮೇಲಷ್ಟೇ ರಿವ್‌ನಟ್. ಅಲ್ಯೂಮಿನಿಯಂ ರಿವ್‌ನಟ್ ಬೇಡ, ಜಿಂಕ್ ಲೇಪನದ ಉಕ್ಕಿನದೇ ಇರಲಿ. ಬೋಲ್ಟು ಬಿಗಿಯಲು ಚಿಕ್ಕ ಸ್ಪಾನರ್ ಸಾಕು: ಹೆಚ್ಚು ಬಲ ಹಾಕಿದರೆ ರಿವ್‌ನಟ್ ತಗಡಿನಲ್ಲೇ ಗಿರಗಿರ ತಿರುಗುತ್ತದೆ, ಆಮೇಲೆ ಬಿಚ್ಚುವುದೂ ಕಷ್ಟ. ಬೋಲ್ಟಿನ ಎಳೆಗೆ ನೀಲಿ ಥ್ರೆಡ್ ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ.

ಹಲಗೆಯ ಕೆಳ ಅಂಚಿಗೆ ಉದ್ದಕ್ಕೂ ಸ್ಟೀಲಿನ ಪಿಯಾನೋ ಕೀಲು, ಎರಡು ಪಕ್ಕಕ್ಕೆ 3 ಮಿ.ಮೀ. ಉಕ್ಕಿನ ತಂತಿ. ತಂತಿಯ ಕೋನದಲ್ಲಿ ಬಹಳ ಜನ ತಪ್ಪುತ್ತಾರೆ. ಕೀಲಿನಿಂದ 30 ಸೆಂ.ಮೀ. ಹೊರಗೆ ಹಲಗೆಗೆ, 30 ಸೆಂ.ಮೀ. ಮೇಲೆ ಪ್ಲೇಟಿಗೆ ಕಟ್ಟಿದರೆ ಕೋನ 45 ಡಿಗ್ರಿ. ಹೊರ ಅಂಚಿನ ಮೇಲೆ ಯಾರೋ 40 ಕೆಜಿಯಷ್ಟು ಭಾರ ಬಿಟ್ಟು ಮೊಣಕೈ ಊರಿದರೂ ಒಂದೊಂದು ತಂತಿಗೆ ಬೀಳುವ ಎಳೆತ ಸುಮಾರು 33 ಕೆಜಿ. ಅದೇ ತಂತಿಯನ್ನು ಅಚ್ಚುಕಟ್ಟಾಗಿ ಕಾಣಲಿ ಎಂದು 10 ಸೆಂ.ಮೀ. ಎತ್ತರಕ್ಕೆ ಕಟ್ಟಿದರೆ 74 ಕೆಜಿ! ಹಲಗೆ ಅದೇ, ಭಾರ ಅದೇ, ಎಳೆತ ಮಾತ್ರ ಎರಡು ಪಟ್ಟಿಗೂ ಹೆಚ್ಚು. ಮನುಷ್ಯರು ಟೇಬಲ್ ಕಂಡರೆ ಒರಗಿಯೇ ಒರಗುತ್ತಾರೆ. ಎಂಟು-ಹತ್ತು ಕೆಜಿ ಎಂದು ಮೊದಲೇ ಮಿತಿ ಹೇಳಿದ್ದು ಇದೇ ಕಾರಣಕ್ಕೆ.

ಮಡಚಿದ ಹಲಗೆಗೆ ಎರಡು ಚಿಲಕ ಇರಲೇಬೇಕು. ಎಳೆದು ಬಿಗಿಯುವ ಟಾಗಲ್ ಲಾಚ್ ಒಳ್ಳೆಯದು. ಮ್ಯಾಗ್ನೆಟ್ ಅಡುಗೆಮನೆ ಕಪಾಟಿಗೆ ಸರಿ, ಇಲ್ಲಿ ನಿಲ್ಲುವುದಿಲ್ಲ. ಒಂದೇ ಚಿಲಕ ಹಾಕಿ ಅದು ಹಳ್ಳದಲ್ಲಿ ಕಳಚಿದರೆ ಹಲಗೆಯ ಅಂಚು ಹಿಂದಿನ ಸೀಟಿನ ಮಗುವಿನ ತಲೆಯ ಮೇಲೆ ಬೀಳುತ್ತದೆ. ಹಲಗೆಗೂ ಪ್ಲೇಟಿಗೂ ನಡುವೆ 3 ಮಿ.ಮೀ. ರಬ್ಬರ್ ಪಟ್ಟಿ ಅಂಟಿಸಿದರೆ ಗಡಗಡ ನಿಲ್ಲುತ್ತದೆ. ಕೀಲಿಗೆ ಎಣ್ಣೆ ಬಿಡಬೇಡಿ. ಎಣ್ಣೆಗೆ ಧೂಳು ಕೂತರೆ ಅದು ಕೀಲನ್ನೇ ಸವೆಸುತ್ತದೆ. ಒಣ ಸಿಲಿಕೋನ್ ಸ್ಪ್ರೇ ಸಾಕು.

ಚಹಾ ಕಾಸುವ ವಿಷಯ. ಒಲೆಯನ್ನು ಈ ಟೇಬಲ್ ಮೇಲೆ ಇಡಬೇಡಿ. ಬ್ಯುಟೇನ್ ಗ್ಯಾಸ್ ಡಬ್ಬಿ ಕೂರಿಸುವ ಕ್ಯಾಸೆಟ್ ಒಲೆಯೇ ಸುಮಾರು ಒಂದು ಅಡಿ ಅಗಲ, ಹಲಗೆ 35 ಸೆಂ.ಮೀ.; ಉರಿ ಟ್ರಿಮ್‌ಗೆ ತೀರಾ ಹತ್ತಿರವಾಗುತ್ತದೆ. ಜೊತೆಗೆ ಆಷಾಢದ ಗಾಳಿಗೆ ಬಾಗಿಲು ತೊನೆಯುತ್ತದೆ, ಕುದಿವ ಪಾತ್ರೆ ಕಾಲ ಮೇಲೆ. ಒಲೆ ನೆಲದ ಮೇಲಿರಲಿ, ಟೇಬಲ್ಲು ಲೋಟ-ತಟ್ಟೆಗೆ, ಈರುಳ್ಳಿ ಹೆಚ್ಚುವುದಕ್ಕೆ. ತಟ್ಟೆ ಇಡುವಾಗಲೂ ಗಾಡಿ ಮಟ್ಟಸ ನೆಲದಲ್ಲಿರಲಿ, ತೆರೆದ ಬಾಗಿಲಿಗೊಂದು ಬೆಲ್ಟ್ ಕಟ್ಟಿ. ಬ್ಯುಟೇನ್ ಡಬ್ಬಿಯನ್ನು 50 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಡಿ ಎಂದು ಅದರ ಮೇಲೇ ಬರೆದಿರುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರು ಆ ಮಿತಿ ದಾಟುತ್ತದೆ. ಮನೆಗೆ ಬಂದ ಕೂಡಲೇ ಡಬ್ಬಿ ಕೆಳಗಿಳಿಸಿ.

ಸ್ಟೆಪ್ನಿ, ನಂಬರ್ ಪ್ಲೇಟು, ಹಿಂದಿನ ದೀಪಗಳನ್ನು ಈ ಕೆಲಸಕ್ಕಾಗಿ ಜರುಗಿಸುವಂತಿಲ್ಲ. ವಾರಂಟಿ ಉಳಿದಿದ್ದರೆ ತಗಡು ಕೊರೆಯುವ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಹಾಕಿಸಿದ ಮೇಲೆ ಬಾಗಿಲು ಮುಚ್ಚಿ ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ, ಒಳಗೆ ಪ್ಲೇಟಿನ ಅಂಚನ್ನು ಟಿಶ್ಯೂ ಕಾಗದದಿಂದ ಒರೆಸಿ ನೋಡಿ. ಒದ್ದೆಯಾದರೆ ಟ್ರಿಮ್ ಬಿಚ್ಚಿ ಬ್ಯುಟೈಲ್ ಟೇಪು ಮತ್ತೆ ಒತ್ತಬೇಕು. ಮೊದಲ ಇನ್ನೂರು ಕಿ.ಮೀ. ಆದ ಮೇಲೆ ಆರೂ ಬೋಲ್ಟುಗಳ ಬಿಗಿ ನೋಡಿ, ಆಮೇಲೆ ಪ್ರತಿ ಸರ್ವಿಸ್‌ಗೊಮ್ಮೆ.