ಅಡಿಕೆ ತಕ್ಕಡಿಯ ಮೇಲೆ ಪಾಟಿಚೀಲ

ಜುಲೈ ತಿಂಗಳ ಒಂದು ಸಂಜೆ ತಮ್ಮನ ಮಗಳು ಶಾಲೆಯಿಂದ ಬಂದವಳೇ ಪಾಟಿಚೀಲವನ್ನು ಜಗಲಿಯ ಮೇಲೆ ಇಳಿಸಿ ಹೆಗಲು ತಿಕ್ಕಿಕೊಂಡಳು. ನೋಡಿದರೆ ಚೀಲದ ಪಟ್ಟಿ ಕೂತ ಜಾಗದಲ್ಲಿ ಎರಡು ಬೆರಳಗಲದ ಕೆಂಪು ಗುರುತು. ಮನೆ ಇರುವುದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ. ಬಸ್ಸು ನಿಲ್ಲುವ ರಸ್ತೆಗೆ ತೋಟದ ಅಂಚಿನಲ್ಲಿ ನಡೆದು, ಹಳ್ಳದ ಕಾಲುಸಂಕ ದಾಟಿ, ಆಮೇಲೆ ದಿಬ್ಬ ಹತ್ತಬೇಕು. ಆರನೆಯ ತರಗತಿಯ ಹುಡುಗಿ ದಿನಕ್ಕೆರಡು ಸಲ ಆ ದಾರಿಯಲ್ಲಿ ಓಡಾಡುತ್ತಾಳೆ.

ಮರುದಿನ ಬೆಳಿಗ್ಗೆ ಅವಳು ಹೊರಡುವ ಮೊದಲು ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚೀಲವನ್ನಿಟ್ಟೆ. 5.75 ಕಿಲೋ. ಅವಳನ್ನೂ ನಿಲ್ಲಿಸಿ ನೋಡಿದೆ: 28 ಕಿಲೋ. ತನ್ನ ತೂಕದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚನ್ನೇ ಅವಳು ಹೊರುತ್ತಿದ್ದಳು. 70 ಕಿಲೋ ತೂಗುವ ನನ್ನ ಬೆನ್ನಿಗೆ ಅದೇ ಲೆಕ್ಕದಲ್ಲಿ 14 ಕಿಲೋ ಬರುತ್ತದೆ. ಅಡುಗೆ ಸಿಲಿಂಡರಿನೊಳಗೆ ತುಂಬುವ ಅನಿಲದ ತೂಕ ಹತ್ತಿರಹತ್ತಿರ ಅಷ್ಟೇ. ಅದನ್ನು ಹೊತ್ತು ಮಳೆಯಲ್ಲಿ ದಿಬ್ಬ ಹತ್ತು ಎಂದು ಯಾರಾದರೂ ನನಗೆ ಹೇಳಿದರೆ ನಾನು ಒಪ್ಪುವುದಿಲ್ಲ.

ಈ ಮಾತು ಹೊಸದೇನಲ್ಲ. 1989ರಲ್ಲಿ ಆರ್. ಕೆ. ನಾರಾಯಣ್ ರಾಜ್ಯಸಭೆಯ ತಮ್ಮ ಮೊದಲ ಭಾಷಣದಲ್ಲಿ ಎತ್ತಿದ್ದು ಮಕ್ಕಳ ಚೀಲದ ಹೊರೆಯನ್ನೇ. 1993ರಲ್ಲಿ ಕೇಂದ್ರ ಸರ್ಕಾರದ ಯಶಪಾಲ್ ಸಮಿತಿ ಮಕ್ಕಳ ಕಲಿಕೆಯ ಹೊರೆಯ ಬಗ್ಗೆ ವರದಿ ಕೊಟ್ಟಿತು. ಕರ್ನಾಟಕ ಸರ್ಕಾರ 2019ರಲ್ಲಿ ಒಂದು, ಎರಡನೆಯ ತರಗತಿಗೆ 1.5ರಿಂದ 2 ಕಿಲೋ, ಆರರಿಂದ ಎಂಟರವರೆಗೆ 3ರಿಂದ 4 ಕಿಲೋ ಎಂದು ಮಿತಿ ಹಾಕಿತು. ಕೇಂದ್ರದ 2020ರ ಶಾಲಾ ಚೀಲ ನೀತಿ ಇನ್ನೂ ಬಿಗಿ: ಚೀಲ ಮಗುವಿನ ತೂಕದ ಶೇ. 10ನ್ನು ಮೀರಬಾರದು. ನಮ್ಮ ಹುಡುಗಿಗೆ ಅದು 2.8 ಕಿಲೋ ಆಗುತ್ತದೆ.

ಹೊರೆ ಹೆಚ್ಚಾದರೆ ಮೈಯೊಳಗೆ ಏನಾಗುತ್ತದೆ? ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಫರ್ಲಾಂಗು ನಡೆಯಬಹುದು. ಅದೇ ಕೊಡಪಾನವನ್ನು ಕೈ ಚಾಚಿ ದೂರ ಹಿಡಿದರೆ ನಿಮಿಷವೂ ತಡೆಯುವುದಿಲ್ಲ. ನೀರಿನ ತೂಕ ಬದಲಾಗಿಲ್ಲ, ಮೈಯಿಂದ ಅದರ ದೂರ ಬದಲಾಗಿದೆ. ಚೀಲದಲ್ಲೂ ನಡೆಯುವುದು ಇದೇ. ಬೆನ್ನಿನಿಂದ ಹಿಂದಕ್ಕೆ ಜೋತುಬಿದ್ದ ತೂಕ ಮಗುವನ್ನು ಹಿಂದಕ್ಕೆ ಎಳೆಯುತ್ತದೆ. ಬೀಳದಿರಲು ಅದು ಸೊಂಟದಿಂದ ಮುಂದಕ್ಕೆ ಬಾಗುತ್ತದೆ. ಬಾಗಿದ ಮೇಲೂ ದಾರಿ ಕಾಣಬೇಕಲ್ಲ, ಅದಕ್ಕಾಗಿ ಕತ್ತನ್ನು ಮುಂದೆ ಚಾಚಿ ಮುಖವನ್ನು ಮೇಲೆತ್ತುತ್ತದೆ. ಕತ್ತಿನ ಹಿಂಭಾಗದ ಸ್ನಾಯುಗಳು ದಾರಿಯುದ್ದಕ್ಕೂ ಬಿಗಿದುಕೊಂಡೇ ಇರುತ್ತವೆ. ಅತ್ತ ಕಿರಿದಾದ ಪಟ್ಟಿ ಹೆಗಲಿನ ನರಗಳನ್ನೂ ರಕ್ತನಾಳಗಳನ್ನೂ ಒತ್ತುತ್ತದೆ. ಬೆರಳು ಜುಮುಗುಡುತ್ತದೆ ಎಂದು ಮಗು ಹೇಳಿದರೆ ಅದನ್ನು ನೆಪವೆಂದು ತಳ್ಳಿಹಾಕಬಾರದು.

2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಸುಮಾರು ಹನ್ನೊಂದು ವರ್ಷದ ಎಂಟು ಮಕ್ಕಳ ಬೆನ್ನಿಗೆ 4, 8, 12 ಕಿಲೋ ಚೀಲಗಳನ್ನು ಹಾಕಿ, ಮಕ್ಕಳು ನಿಂತಿರುವಂತೆಯೇ ಎಂಆರ್‌ಐ ಚಿತ್ರ ತೆಗೆದರು. ತೂಕ ಏರಿದಂತೆ ಸೊಂಟದ ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಗಳು ಅಮುಕಿಕೊಂಡವು, ನೋವೂ ಏರಿತು. ಎಂಟೇ ಮಕ್ಕಳ ಸಣ್ಣ ಅಧ್ಯಯನ ನಿಜ, ಆದರೆ ನಮ್ಮ ಹುಡುಗಿಯ ವಯಸ್ಸೂ ಅದೇ. ಚೀಲ ಹೊತ್ತರೆ ಬೆನ್ನುಮೂಳೆ ಶಾಶ್ವತವಾಗಿ ಪಕ್ಕಕ್ಕೆ ಸೊಟ್ಟಗಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಆ ಮಾತಿಗೆ ಆಧಾರವಿಲ್ಲ. ನೋವು, ದಣಿವು, ಕೆಟ್ಟ ನಿಲುವು ಇವೇ ಸಾಕಷ್ಟು ದೊಡ್ಡ ಕಾರಣಗಳು.

ಕಾರವಾರದ ಮೀನು ಪೇಟೆಗೆ ಹೋದವರು ಬುಟ್ಟಿ ಹೊತ್ತು ಬರುವ ಮೀನುಗಾರ ಹೆಂಗಸರ ನಡಿಗೆಯನ್ನು ಗಮನಿಸಿರಬಹುದು. ಕತ್ತು ನೆಟ್ಟಗೆ, ಬೆನ್ನು ನೆಟ್ಟಗೆ. ತೂಕ ನೇರವಾಗಿ ಬೆನ್ನುಮೂಳೆಯ ಗುಂಟ ಇಳಿಯುತ್ತದೆ. ಕೀನ್ಯಾದ ಲುವೋ ಮತ್ತು ಕಿಕುಯು ಹೆಂಗಸರನ್ನು ಅಳೆದು ನೋಡಿದ ವಿಜ್ಞಾನಿಗಳಿಗೆ ಅಚ್ಚರಿಯೊಂದು ಕಾದಿತ್ತು: ತಮ್ಮ ತೂಕದ ಶೇ. 20ರವರೆಗಿನ ಹೊರೆಯನ್ನು ಹೊತ್ತು ನಡೆದರೂ ಅವರಿಗೆ ಹೆಚ್ಚಿನ ಶಕ್ತಿ ಖರ್ಚಾಗುತ್ತಿರಲಿಲ್ಲ. ವರ್ಷಗಳ ರೂಢಿಯಿಂದ ಬಂದ ನಡಿಗೆ ಅದು. ಮಕ್ಕಳ ತಲೆಗೆ ಚೀಲ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ತೂಕ ಮೈಯ ನಡುಗೆರೆಗೆ ಹತ್ತಿರವಿದ್ದಷ್ಟೂ ಹಗುರ ಎಂಬುದನ್ನು ಆ ಬುಟ್ಟಿಯಿಂದ ಕಲಿಯಬಹುದು. ದಪ್ಪ ಪುಸ್ತಕಗಳನ್ನು ಬೆನ್ನಿಗೆ ತಾಗುವಂತೆ ಇಡಬೇಕು, ಎರಡೂ ಪಟ್ಟಿ ಹೆಗಲ ಮೇಲಿರಬೇಕು, ಚೀಲದ ತಳ ಸೊಂಟದಿಂದ ಕೆಳಗೆ ಜೋತಾಡಬಾರದು.

ನಮ್ಮ ಕಡೆಯ ಮಳೆಗಾಲದಲ್ಲಿ ಇಷ್ಟನ್ನು ಪಾಲಿಸುವುದೂ ಕಷ್ಟ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಕಾಲುಸಂಕದ ಹಗ್ಗಕ್ಕೆ. ಚೀಲ ನೆನೆಯದಿರಲೆಂದು ಮಗು ಅದನ್ನು ಒಂದೇ ಹೆಗಲಿಗೆ ಎಳೆದುಕೊಳ್ಳುತ್ತದೆ. ಪಾಚಿಗಟ್ಟಿದ ಮರದ ಮೇಲೆ ತೂಕ ಒಂದು ಬದಿಗೆ ವಾಲಿದ ಮಗು ನಡೆಯುವುದನ್ನು ನೋಡುತ್ತಾ ನಿಂತಾಗ ನನ್ನ ಎದೆ ಡವಗುಟ್ಟಿದ್ದಿದೆ.

ಆ ಬೆಳಿಗ್ಗೆ ಚೀಲದಲ್ಲಿದ್ದುದನ್ನೆಲ್ಲ ಒಂದೊಂದಾಗಿ ತೂಗಿ ಚೀಟಿಯಲ್ಲಿ ಬರೆದುಕೊಂಡೆ. ಖಾಲಿ ಚೀಲ 800 ಗ್ರಾಂ. ಪಠ್ಯಪುಸ್ತಕ ನಾಲ್ಕು, 1.2 ಕಿಲೋ. ಇನ್ನೂರು ಪುಟದ ನೋಟ್‌ಬುಕ್ ಆರು, 1.45 ಕಿಲೋ. ತಿಂಡಿಯ ಡಬ್ಬಿ 450, ಮಳೆಯಂಗಿ 350, ಕಂಪಾಸ್ ಪೆಟ್ಟಿಗೆಯೂ ಪೆನ್ನುಗಳೂ ಸೇರಿ 200. ತುಂಬಿದ ಸ್ಟೀಲ್ ಬಾಟಲಿ 1.3 ಕಿಲೋ! ಪುಸ್ತಕಗಳಷ್ಟೇ ಆದರೆ 2.65 ಕಿಲೋ, ಅರ್ಧಕ್ಕಿಂತ ಕಡಿಮೆ. ಪಠ್ಯಕ್ರಮವನ್ನು ದೂರುತ್ತಿದ್ದ ನಾನು ಚೀಲದ ಅತಿ ಭಾರದ ಒಂದೇ ವಸ್ತು ನೀರು ಎಂದು ಊಹಿಸಿರಲಿಲ್ಲ.

"ಇಷ್ಟು ನೀರು ಯಾಕೆ?" ಎಂದು ಕೇಳಿದೆ.

"ಮಳೆಗಾಲದಲ್ಲಿ ಶಾಲೆಯ ನಲ್ಲಿಯಲ್ಲಿ ಕೆಂಪು ನೀರು ಬರುತ್ತದೆ ದೊಡ್ಡಪ್ಪ" ಎಂದಳು.

ವರ್ಷಕ್ಕೆ ಎರಡೂವರೆ, ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಮಕ್ಕಳು ಕುಡಿಯುವ ನೀರನ್ನು ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತುತ್ತಿದ್ದಾರೆ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, ಯಾವ ಸುತ್ತೋಲೆಯಿಂದಲೂ ಅದು ಹಗುರವಾಗುವುದಿಲ್ಲ. ಶಾಲೆಯಲ್ಲಿ ನಂಬಿ ಕುಡಿಯಬಹುದಾದ ಒಂದು ಫಿಲ್ಟರ್ ಇದ್ದರೆ ಅಲ್ಲಿನ ಪ್ರತಿ ಮಗುವಿನ ಬೆನ್ನಿನಿಂದ ಒಂದು ಕಿಲೋ ಇಳಿಯುತ್ತದೆ. ಬಿಸಿಯೂಟ ಇರುವ ಶಾಲೆಗಳಲ್ಲಿ ಊಟದ ಡಬ್ಬಿ ಆಗಲೇ ಇಳಿದಿದೆ. ನೀರಿಗೂ ಅಂಥದೇ ಏರ್ಪಾಡು ಆಗಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಮನೆಯಲ್ಲಿ ಆಗುವಷ್ಟನ್ನು ಮಾಡಿದೆವು. ಸ್ಟೀಲ್ ಬಾಟಲಿಯ ಬದಲು ಅರ್ಧ ಲೀಟರಿನ ಹಗುರ ಬಾಟಲಿ: 700 ಗ್ರಾಂ ಉಳಿಯಿತು. ಚಕ್ರ, ಚಿತ್ರ, ಹತ್ತು ಜೇಬುಗಳ ಚೀಲ ಹೋಗಿ ಅಗಲ ಪಟ್ಟಿಯ ಸಾದಾ ಚೀಲ ಬಂತು: 350 ಗ್ರಾಂ. ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ, ಆ ದಿನಕ್ಕೆ ಬೇಕಾದ ನಾಲ್ಕೇ ನೋಟ್‌ಬುಕ್, ಅದೂ ನೂರು ಪುಟದವು: 950 ಗ್ರಾಂ. ಈಗ ತಕ್ಕಡಿ ತೋರಿಸುವುದು 3.75 ಕಿಲೋ. ರಾಜ್ಯದ ಮಿತಿಯೊಳಗೆ ಬಂದೆವು, ಅವಳ ತೂಕದ ಹತ್ತನೆಯ ಒಂದಕ್ಕೆ ಇನ್ನೂ ಬಂದಿಲ್ಲ. ಪಠ್ಯಪುಸ್ತಕಗಳನ್ನು ತರಗತಿಯ ಕಪಾಟಿನಲ್ಲೇ ಇಡಲು ಬಿಟ್ಟರೆ 2.55ಕ್ಕೆ ಇಳಿಯುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ಮುಂದಿನ ಶನಿವಾರ ಪಾಲಕರ ಸಭೆ ಇದೆ, ತೂಕ ಬರೆದ ಚೀಟಿಯನ್ನು ತಮ್ಮನ ಜೇಬಿನಲ್ಲಿ ಇಟ್ಟಿದ್ದೇನೆ.