ಗುಳಿಗೆಯ ಜತೆಗಿನ ನಲವತ್ತೆರಡು ಗಂಟೆ

ಮೆಲ್ಬರ್ನ್‌ನಲ್ಲಿ ನೆಲೆಸಿರುವ ಮಗನೊಬ್ಬ, ದಾವಣಗೆರೆ ಸಮೀಪದ ಹಳ್ಳಿಯಲ್ಲಿರುವ ತನ್ನ ತಾಯಿಯ ಸಲುವಾಗಿ ವೀಡಿಯೊ ಕರೆಯಲ್ಲಿ ನನ್ನೊಡನೆ ಮಾತನಾಡಿದ. ತಾಯಿ ನನ್ನೆದುರು ಕುಳಿತಿದ್ದರು. ಅವರ ತಮ್ಮ ಮೊಬೈಲನ್ನು ನನ್ನತ್ತ ಹಿಡಿದು ನಿಂತಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಪತಿ ತೀರಿಕೊಂಡ ಮೇಲೆ ಶುರುವಾದ ಖಿನ್ನತೆಗೆ ಎರಡು ವರ್ಷಗಳಲ್ಲಿ ಎರಡು ಬಗೆಯ ಮಾತ್ರೆಗಳು ಆಗಿದ್ದವು, ಗುಣ ಕಂಡಿರಲಿಲ್ಲ. “ಸರ್, ಇಲ್ಲಿ ಆಸ್ಟ್ರೇಲಿಯಾದಲ್ಲಿ ಸಿಲೊಸೈಬಿನ್ ಅಂತ ಕೊಡ್ತಾರೆ, ಅಣಬೆಯಲ್ಲಿ ಇರುತ್ತಲ್ಲ, ಅದು. ಅಮ್ಮಂಗೆ ಅಲ್ಲೇ ಕೊಡಿಸೋಕೆ ಆಗಲ್ವಾ?” ಎಂದು ಆತ ಕೇಳಿದ. ತಾಯಿ ಮಾತ್ರ ನೆಲ ನೋಡುತ್ತಾ, “ನಂಗೇನೂ ಬ್ಯಾಡನ್ಸತೈತಿ ಡಾಕ್ಟ್ರೇ” ಎಂದರು.

ಮಗ ಹೇಳಿದ್ದು ನಿಜ. 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ, ವಿಶೇಷ ಅನುಮತಿ ಪಡೆದ ಮನೋವೈದ್ಯರು ಮಾತ್ರ ಬರೆಯಬಹುದೆಂಬ ಷರತ್ತಿನ ಮೇಲೆ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೊಸೈಬಿನ್ನನ್ನೂ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆಗೆ ಎಂಡಿಎಂಎಯನ್ನೂ (ಬೀದಿಯಲ್ಲಿ ‘ಎಕ್ಸ್ಟಸಿ’ ಎನ್ನುವ ಮಾದಕವಸ್ತು) ಬಳಸಲು ಅವಕಾಶವಿದೆ. ನಮ್ಮಲ್ಲಿ ಇವೆರಡೂ ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಯಾವ ವೈದ್ಯರೂ ಇವನ್ನು ಚೀಟಿಯಲ್ಲಿ ಬರೆಯುವಂತಿಲ್ಲ. ಕಾನೂನಿನ ಉತ್ತರ ಅಲ್ಲಿಗೆ ಮುಗಿಯುತ್ತದೆ. ಆದರೆ ‘ಬೇರೆ ಚಿಕಿತ್ಸೆಗೆ ಬಗ್ಗದ’ ಎಂಬ ಮಾತು ಈ ತಾಯಿಗೆ ಅನ್ವಯಿಸುತ್ತದೆಯೇ ಎಂಬುದನ್ನು ನೋಡಬೇಕಿತ್ತು. ಹಾಗೆನ್ನಬೇಕಾದರೆ ಕನಿಷ್ಠ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರಗಳ ಕಾಲ ಕೊಟ್ಟೂ ಫಲ ಸಿಕ್ಕಿರಬಾರದು. ಅವರ ಚೀಲದಲ್ಲಿದ್ದ ಮಾತ್ರೆಯ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಎಣಿಸಿದಾಗ, ಮೊದಲನೆಯದನ್ನು ಹೊಟ್ಟೆ ತೊಳಸುತ್ತದೆಂದು ಮೂರೇ ವಾರಕ್ಕೆ ನಿಲ್ಲಿಸಿದ್ದರೆಂದೂ ಎರಡನೆಯದನ್ನು ನೆನಪಾದ ದಿನ ಮಾತ್ರ ನುಂಗಿದ್ದರೆಂದೂ ತಿಳಿಯಿತು. ಥೈರಾಯ್ಡ್ ಪರೀಕ್ಷೆ ಆಗಿಯೇ ಇರಲಿಲ್ಲ. ಇಷ್ಟನ್ನು ಕಂಡುಕೊಳ್ಳಲು ಇಪ್ಪತ್ತೈದು ನಿಮಿಷ ಹಿಡಿಯಿತು; ಅಷ್ಟು ಹೊತ್ತೂ ಹೊರಗೆ ಟೋಕನ್ ಹಿಡಿದವರು ಬಾಗಿಲು ಸರಿಸಿ ಇಣುಕುತ್ತಿದ್ದರು.

ಮಗನ ಅಸಹನೆಯನ್ನು ನಾನು ತಪ್ಪೆನ್ನಲಾರೆ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಖಿನ್ನತೆಯ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೊದಲ ಔಷಧದಿಂದಲೇ ಪೂರ್ತಿ ಚೇತರಿಸಿಕೊಂಡವರು ಮೂವರಲ್ಲಿ ಒಬ್ಬರಷ್ಟೆ. ನಾವು ದಿನನಿತ್ಯ ಬರೆಯುವ ಔಷಧಗಳ ಮೂಲ ಕಲ್ಪನೆಗಳು ಹೆಚ್ಚಾಗಿ 1949ರ ಲಿಥಿಯಮ್, 1952ರ ಕ್ಲೋರ್‌ಪ್ರೊಮಜೀನ್ ಮತ್ತು ಅದೇ ದಶಕದ ಇಮಿಪ್ರಮೀನ್‌ಗಳ ಕಾಲದವು. ಸೈಕೆಡೆಲಿಕ್‌ಗಳೂ, ಅಂದರೆ ಸಿಲೊಸೈಬಿನ್, ಎಲ್‌ಎಸ್‌ಡಿಗಳಂತೆ ಮನಸ್ಸಿನ ಗ್ರಹಿಕೆಯನ್ನೇ ಬದಲಿಸುವ ವಸ್ತುಗಳೂ, ಅವುಗಳ ಓರಗೆಯವೇ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿ, 1943ರಲ್ಲಿ ಅದರ ಪರಿಣಾಮವನ್ನು ತನ್ನ ಮೇಲೆಯೇ ಕಂಡುಕೊಂಡ. ಅಣಬೆಯಿಂದ ಸಿಲೊಸೈಬಿನ್ನನ್ನು ಬೇರ್ಪಡಿಸಿದವನೂ ಅವನೇ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವನ್‌ನಲ್ಲಿ ಹಂಫ್ರಿ ಆಸ್ಮಂಡ್ ಕುಡಿತ ಬಿಡಿಸಲು ಎಲ್‌ಎಸ್‌ಡಿ ಬಳಸಿದ. ಬಳಿಕ ಈ ವಸ್ತುಗಳು ಆಸ್ಪತ್ರೆಯ ಗೋಡೆ ದಾಟಿ ಬೀದಿಗೆ ಬಂದವು. ಅಮೆರಿಕದ 1970ರ ಕಾನೂನು ಮತ್ತು ವಿಶ್ವಸಂಸ್ಥೆಯ 1971ರ ಒಪ್ಪಂದದಿಂದ ಸಂಶೋಧನೆ ಬಹುತೇಕ ಸ್ತಬ್ಧವಾಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಅವರ 2006ರ ಪ್ರಬಂಧದ ನಂತರ ಅದು ಮತ್ತೆ ಗಂಭೀರವಾಗಿ ಚಿಗುರಿತು.

ಹಾಗೆ ಚಿಗುರಿದ್ದರಿಂದ ಈವರೆಗೆ ಸಿಕ್ಕಿರುವ ಫಲ ಪತ್ರಿಕೆಗಳ ತಲೆಬರಹದಷ್ಟು ದೊಡ್ಡದಲ್ಲ, ಹಾಗೆಂದು ತಳ್ಳಿಹಾಕುವಷ್ಟು ಚಿಕ್ಕದೂ ಅಲ್ಲ. ಚಿಕಿತ್ಸೆಗೆ ಬಗ್ಗದ ಖಿನ್ನತೆಯಿದ್ದ 233 ಮಂದಿಗೆ 25, 10 ಅಥವಾ 1 ಮಿಲಿಗ್ರಾಂ ಸಿಲೊಸೈಬಿನ್ನನ್ನು ಒಂದೇ ಸಲ ಕೊಟ್ಟು ನೋಡಿದ 2022ರ ಪ್ರಯೋಗದಲ್ಲಿ, ಮೂರು ವಾರಗಳ ನಂತರ 25 ಮಿಲಿಗ್ರಾಂ ಪಡೆದವರಲ್ಲಿ 37 ಶೇಕಡಾ ಜನರಿಗೆ ಗಣನೀಯ ಸುಧಾರಣೆಯಿತ್ತು; ಹೆಸರಿಗಷ್ಟೇ ಔಷಧವೆನ್ನಬಹುದಾದ 1 ಮಿಲಿಗ್ರಾಂ ಪಡೆದವರಲ್ಲಿ ಅದು 18 ಶೇಕಡಾ. ಹನ್ನೆರಡು ವಾರಗಳವರೆಗೂ ಸುಧಾರಣೆ ಉಳಿದದ್ದು ದೊಡ್ಡ ಡೋಸಿನವರಲ್ಲಿಯೂ ಐವರಲ್ಲಿ ಒಬ್ಬರಿಗೆ ಮಾತ್ರ. ಅದಕ್ಕೂ ಹಿಂದಿನ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜು 59 ರೋಗಿಗಳಲ್ಲಿ ಸಿಲೊಸೈಬಿನ್ನನ್ನು ಎಸ್ಸಿಟಾಲೊಪ್ರಾಮ್‌ಗೆ, ಅಂದರೆ ನಮ್ಮ ತಾಲ್ಲೂಕು ಕೇಂದ್ರಗಳ ಮೆಡಿಕಲ್ ಶಾಪಿನಲ್ಲಿಯೂ ಸಿಗುವ ಮಾತ್ರೆಗೆ, ಹೋಲಿಸಿ ನೋಡಿದಾಗ, ಮುಖ್ಯ ಅಳತೆಗೋಲಿನಲ್ಲಿ ಇವೆರಡರ ನಡುವೆ ನಿಶ್ಚಯವಾಗಿ ಹೇಳಬಹುದಾದ ವ್ಯತ್ಯಾಸ ಕಾಣಲಿಲ್ಲ.

ಈ ಪ್ರಯೋಗಗಳಿಗೆಲ್ಲ ಒಂದು ತೊಡಕಿದೆ. ಔಷಧದ ಗುಣವನ್ನು ನಿರೀಕ್ಷೆಯ ಗುಣದಿಂದ ಬೇರ್ಪಡಿಸುವ ಸಲುವಾಗಿಯೇ, ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹುಸಿ ಮಾತ್ರೆ ಎಂಬುದನ್ನು ರೋಗಿಗೂ ವೈದ್ಯರಿಗೂ ತಿಳಿಸದೆ ಇಡುತ್ತೇವೆ. ಗೋಡೆಯ ಬಣ್ಣಗಳು ಅಲೆಯಾಡತೊಡಗಿದ ಮೇಲೆ ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೆ ಯಾರೂ ಹೇಳಬೇಕಿಲ್ಲ. ಏನೂ ಆಗದೆ ಎಂಟು ಗಂಟೆ ಮಲಗಿದ್ದವನಿಗೆ ನಿರಾಶೆಯೂ ಸೇರಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಎಂಡಿಎಂಎ ಚಿಕಿತ್ಸೆಗೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ನಿರಾಕರಿಸಿದ್ದರ ಹಿಂದಿನ ವಾದಗಳಲ್ಲಿ ಇದೂ ಒಂದು. ಅದೇ ವರ್ಷದ ಜೂನ್‌ನಲ್ಲಿ ಅದರ ಸಲಹಾ ಸಮಿತಿಯು, ಪ್ರಯೋಜನವು ಅಪಾಯಕ್ಕಿಂತ ಮಿಗಿಲೆಂಬ ವಾದವನ್ನು ಹತ್ತಕ್ಕೆ ಒಂದು ಮತದಿಂದ ತಳ್ಳಿಹಾಕಿತ್ತು. ಕೆನಡಾದ ಹಿಂದಿನ ಪ್ರಯೋಗವೊಂದರಲ್ಲಿ ಚಿಕಿತ್ಸಕರು ರೋಗಿಯೊಡನೆ ಮಿತಿಮೀರಿ ನಡೆದುಕೊಂಡ ಪ್ರಕರಣವೂ ಚರ್ಚೆಗೆ ಬಂದಿತ್ತು. ಮನಸ್ಸಿನ ಬಾಗಿಲುಗಳೆಲ್ಲ ತೆರೆದುಕೊಂಡ ಸ್ಥಿತಿಯಲ್ಲಿ ಮಲಗಿರುವವರ ಪಕ್ಕದಲ್ಲಿ ಕುಳಿತವರಿಗೆ ಎಷ್ಟು ಅಧಿಕಾರವಿರುತ್ತದೆ ಎಂಬುದು ನಮ್ಮ ವೃತ್ತಿಯವರು ನಿದ್ದೆಗೆಟ್ಟು ಯೋಚಿಸಬೇಕಾದ ವಿಷಯ.

ಇದೇ ಎಂಡಿಎಂಎ ಪ್ರಯೋಗಗಳ ಒಳಗೆ, ಗುಳಿಗೆಯ ಗದ್ದಲದಲ್ಲಿ ಯಾರೂ ಹೆಚ್ಚು ಮಾತನಾಡದ ಒಂದು ಲೆಕ್ಕವಿದೆ. ಪ್ರತಿ ರೋಗಿಗೂ ತಲಾ ಒಂದೂವರೆ ಗಂಟೆಯ ಮೂರು ಸಿದ್ಧತೆಯ ಭೇಟಿಗಳು, ಸುಮಾರು ಎಂಟೆಂಟು ಗಂಟೆಯ ಮೂರು ಔಷಧದ ದಿನಗಳು, ಮತ್ತೆ ಒಂದೂವರೆ ಗಂಟೆಯ ಒಂಬತ್ತು ಭೇಟಿಗಳು: ಒಟ್ಟು 42 ಗಂಟೆ. ಪ್ರತಿ ಬಾರಿಯೂ ಇಬ್ಬರು ಚಿಕಿತ್ಸಕರು ಕೂರುತ್ತಾರೆ. ನನ್ನ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಹತ್ತು ನಿಮಿಷ ಸಿಕ್ಕರೆ ಭಾಗ್ಯ. ಆ ಲೆಕ್ಕದಲ್ಲಿ ಒಬ್ಬ ರೋಗಿಗೆ ಅಲ್ಲಿ ಸಂದ 84 ಮಾನವ ಗಂಟೆಗಳಲ್ಲಿ ಇಲ್ಲಿ 504 ಭೇಟಿಗಳು ಮುಗಿಯುತ್ತವೆ. ಹುಸಿ ಮಾತ್ರೆ ನುಂಗಿದವರಿಗೂ ಅದೇ 42 ಗಂಟೆ ಸಿಕ್ಕಿತ್ತು. 2023ರಲ್ಲಿ ಪ್ರಕಟವಾದ ಎರಡನೆಯ ದೊಡ್ಡ ಪ್ರಯೋಗದಲ್ಲಿ, ಎಂಡಿಎಂಎ ಪಡೆದವರಲ್ಲಿ 71 ಶೇಕಡಾ ಜನ ರೋಗದ ಲಕ್ಷಣಮಿತಿಯಿಂದ ಹೊರಬಂದರೆ, ಹುಸಿ ಮಾತ್ರೆಯವರಲ್ಲಿಯೂ 48 ಶೇಕಡಾ ಹೊರಬಂದರು. ಇದು ಪೂರ್ತಿ ಆ ಗಂಟೆಗಳ ಮಹಿಮೆಯೆಂದು ನಾನು ಹೇಳುವುದಿಲ್ಲ, ಏಕೆಂದರೆ ಗಂಟೆಗಳೂ ಇಲ್ಲದ, ಔಷಧವೂ ಇಲ್ಲದ ಮೂರನೆಯ ಗುಂಪು ಅಲ್ಲಿರಲಿಲ್ಲ. ಆದರೂ ವರ್ಷಗಟ್ಟಲೆ ನರಳಿದವರಲ್ಲಿ ಅರ್ಧದಷ್ಟು ಮಂದಿ ಹುಸಿ ಮಾತ್ರೆಯ ಜತೆ ಸುಧಾರಿಸಿದರೆಂಬುದನ್ನು ಅಡಿಟಿಪ್ಪಣಿಯಾಗಿ ಓದಲು ನನಗಾಗುವುದಿಲ್ಲ.

ಹೊಸ ಚಿಕಿತ್ಸೆಯೆಂದರೆ ನಾವು ಹಿಂಜರಿಯುವವರೆಂಬ ಮಾತು ಸರಿಯಲ್ಲ. ನಮ್ಮ ಇತಿಹಾಸ ಇದಕ್ಕೆ ತದ್ವಿರುದ್ಧ. ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಎಂ.ವಿ. ಗೋವಿಂದಸ್ವಾಮಿ ಅವರು ಸಹೋದ್ಯೋಗಿಯೊಡನೆ ಮಾಡಿ, 1944ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅದನ್ನು ರೂಪಿಸಿದ ಪೋರ್ಚುಗಲ್ಲಿನ ಮೊನಿಜ್‌ಗೆ ನೊಬೆಲ್ ಬಂದದ್ದು 1949ರಲ್ಲಿ. ಗೋವಿಂದಸ್ವಾಮಿ ದೊಡ್ಡ ವಿದ್ವಾಂಸರು, ಇಂದಿನ ನಿಮ್ಹಾನ್ಸ್‌ಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಬೇರೆ ದಾರಿ ಕಾಣದ ಕಾಲದಲ್ಲಿ ಒಳ್ಳೆಯ ವೈದ್ಯರೇ ಆತುರಪಡುತ್ತಾರೆ ಎಂಬುದಕ್ಕಾಗಿ ಈ ಸಂಗತಿಯನ್ನು ನೆನೆದೆ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 10.6 ಶೇಕಡಾ ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿದ್ದು, ಕಾಯಿಲೆಯ ಬಗೆಯನ್ನು ಅವಲಂಬಿಸಿ 70ರಿಂದ 92 ಶೇಕಡಾ ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಇಂಥಲ್ಲಿ 84 ಗಂಟೆ ಎಲ್ಲಿಂದ ತರುವುದು? ಒಂದು ಉತ್ತರ ಪಕ್ಕದ ಗೋವಾದಲ್ಲಿದೆ. ಅಲ್ಲಿ ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ತೀವ್ರ ಖಿನ್ನತೆಯಿದ್ದವರಿಗೆ ಅರ್ಧ ಗಂಟೆಯಿಂದ ನಲವತ್ತು ನಿಮಿಷದ ಆರರಿಂದ ಎಂಟು ಭೇಟಿಗಳನ್ನು ಕೊಟ್ಟರು. ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುವುದೇ ಅದರ ತಿರುಳು. 2017ರ ವರದಿಯಂತೆ ಮೂರು ತಿಂಗಳಿಗೆ ಅವರಲ್ಲಿ 64 ಶೇಕಡಾ ಜನರ ಖಿನ್ನತೆ ಇಳಿದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ತುಸು ಸುಧಾರಿತ ಮಾಮೂಲಿ ಆರೈಕೆ ಪಡೆದವರಲ್ಲಿ 39 ಶೇಕಡಾ. ಎರಡು ಬೇರೆ ಬೇರೆ ಕಾಯಿಲೆಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಗೆದ್ದವರಾರು ಎನ್ನುವುದು ತಪ್ಪು. ಆದರೆ ಮನೋವೈದ್ಯಶಾಸ್ತ್ರದ ಮರುಚಿಂತನೆಯೆಂದರೆ ಹೊಸ ಅಣುವಿನ ಹುಡುಕಾಟವೆಂದೇ ಭಾವಿಸಿದವರು ಈ ನಾಲ್ಕೈದು ಗಂಟೆಗಳ ಕಡೆಗೂ ನೋಡಲಿ ಎಂಬುದು ನನ್ನ ಕೋರಿಕೆ. ವಿದೇಶದಿಂದ ಗುಳಿಗೆಯನ್ನು ತರಿಸಿಕೊಂಡು ಅದರ ಜತೆಗಿದ್ದ ಸಮಯವನ್ನು ಅಲ್ಲೇ ಬಿಟ್ಟು ಬಂದರೆ, ನಮ್ಮ ಪಾಲಿಗೆ ಬರುವುದು ದುಬಾರಿ ಡ್ರಿಪ್ ಅಂಗಡಿಗಳಷ್ಟೆ.

ಕೆಟಮಿನ್‌ನ ಕಥೆಯಲ್ಲಿ ಅದರ ಮುನ್ಸೂಚನೆ ಕಾಣುತ್ತಿದೆ. 1960ರ ದಶಕದಿಂದಲೂ ಇರುವ ಈ ಅರಿವಳಿಕೆ ಮದ್ದು, ಸಣ್ಣ ಪ್ರಮಾಣದಲ್ಲಿ ಡ್ರಿಪ್ ಮೂಲಕ ಕೊಟ್ಟರೆ, ಖಿನ್ನತೆಯನ್ನು ಕೆಲವೇ ಗಂಟೆಗಳಲ್ಲಿ ಇಳಿಸಬಲ್ಲದೆಂದು 2000ದಿಂದೀಚೆಗೆ ತಿಳಿಯಿತು. ಇದು ನಮ್ಮಲ್ಲಿ ವೈದ್ಯರ ನಿಗಾದಲ್ಲಿ ಲಭ್ಯವಿದೆ, ಸಾಯುವ ಆಲೋಚನೆ ತೀವ್ರವಾಗಿರುವವರಲ್ಲಿ ನಿಜಕ್ಕೂ ಉಪಯುಕ್ತ. ಆದರೆ ಒಂದು ಡೋಸಿನ ಪರಿಣಾಮ ಹೆಚ್ಚಿನವರಲ್ಲಿ ಕೆಲ ದಿನಗಳಿಗೇ ಕರಗುತ್ತದೆ, ರಕ್ತದೊತ್ತಡ ಏರುತ್ತದೆ, ಮತ್ತೆ ಮತ್ತೆ ಬಳಸಿದರೆ ಮೂತ್ರಕೋಶಕ್ಕೆ ಹಾನಿಯಾಗಬಹುದು, ಚಟವೂ ಅಂಟಬಹುದು. ಇನ್ನೊಂದು ವಿಚಿತ್ರವೆಂದರೆ, ತೀವ್ರ ಖಿನ್ನತೆಗೆ ದಶಕಗಳಿಂದ ಸಾಬೀತಾಗಿರುವ ಇಸಿಟಿ (ಮೆದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ) ಎಂದೊಡನೆ “ಕರೆಂಟ್ ಕೊಡಿಸೋದು ಬೇಡ” ಎಂದು ಕುರ್ಚಿ ಹಿಂದೆ ಸರಿಸುವ ಕುಟುಂಬದವರೇ ಸೈಕೆಡೆಲಿಕ್ ಬಗ್ಗೆ ಆಸೆಯಿಂದ ವಿಚಾರಿಸುತ್ತಾರೆ. ಅರಿವಳಿಕೆಯಿಲ್ಲದ ಇಸಿಟಿಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆಯೆಂದು ವಿವರಿಸಿದ ಮೇಲೂ ಸಿನಿಮಾದಲ್ಲಿ ಕಂಡ ದೃಶ್ಯ ಅವರ ಕಣ್ಣಿನಿಂದ ಮಾಯುವುದಿಲ್ಲ.

ಕೊಡೈಕೆನಾಲ್‌ಗೆ ಹೋಗಿ ಅಣಬೆ ತಿಂದು ಬಂದು ತಾವೇ ಚಿಕಿತ್ಸೆ ಮಾಡಿಕೊಂಡೆವೆನ್ನುವ ಯುವಕರಿಗೆ ಒಂದು ಮಾತು. ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದವರನ್ನೂ, ಎಷ್ಟೋ ಕಡೆ ಹತ್ತಿರದ ಸಂಬಂಧಿಕರಲ್ಲಿ ಅವು ಇದ್ದವರನ್ನೂ ಈ ಪ್ರಯೋಗಗಳು ಮೊದಲೇ ಹೊರಗಿಟ್ಟಿರುತ್ತವೆ. ನಡೆಯುತ್ತಿರುವ ಖಿನ್ನತೆಯ ಮಾತ್ರೆಯನ್ನು ವೈದ್ಯರ ನಿಗಾದಲ್ಲಿ ನಿಲ್ಲಿಸಿಯೇ ಡೋಸ್ ಕೊಡುತ್ತಾರೆ. ಬೆಟ್ಟದ ಮೇಲೆ ಅಣಬೆ ಮಾರುವವನು ಇದಾವುದನ್ನೂ ಕೇಳುವುದಿಲ್ಲ.

ಆ ತಾಯಿಗೆ ಥೈರಾಯ್ಡ್ ಕೊರತೆ ಇತ್ತು. ಅದಕ್ಕೆ ಮದ್ದು ಶುರುವಾಗಿದೆ. ಎರಡನೆಯ ಮಾತ್ರೆಯನ್ನೇ ಪೂರ್ಣ ಪ್ರಮಾಣಕ್ಕೆ ಏರಿಸಿ, ದಿನವೂ ರಾತ್ರಿ ಅದನ್ನು ಕೈಗಿಡುವ ಕೆಲಸವನ್ನು ತಮ್ಮನ ಹೆಂಡತಿಗೆ ಒಪ್ಪಿಸಿದ್ದೇನೆ. ನಮ್ಮ ಆಪ್ತಸಮಾಲೋಚಕಿ ಪ್ರತಿ ವಾರ ಅವರೊಡನೆ ನಲವತ್ತು ನಿಮಿಷ ಕೂರುತ್ತಾರೆ. ನಿದ್ದೆ ಮರಳಿದೆ, ಹಿತ್ತಲಿನ ಮಲ್ಲಿಗೆ ಬಳ್ಳಿಗೆ ನೀರು ಹಾಕಲು ತೊಡಗಿದ್ದಾರೆ, ಆದರೆ ಮದುವೆ ಮನೆಗಳಿಗೆ ಇನ್ನೂ ಹೋಗುವುದಿಲ್ಲ. ಇನ್ನಾರು ವಾರಗಳಲ್ಲಿ ಇದಕ್ಕಿಂತ ಮುಂದೆ ಬರದಿದ್ದರೆ ಔಷಧ ಬದಲಿಸುತ್ತೇನೆ, ಅದೂ ಆಗದಿದ್ದರೆ ಇಸಿಟಿಯ ಮಾತೆತ್ತುತ್ತೇನೆ, ಆಮೇಲೆ ಬೇಕಾದರೆ ಮೆಡಿಕಲ್ ಕಾಲೇಜಿನಲ್ಲಿ ಕೆಟಮಿನ್. ಮಗನಿಗೆ ಈ ಕ್ರಮವನ್ನು ಬರೆದು ಕಳಿಸಿದೆ. ಅಮ್ಮನನ್ನು ಮೆಲ್ಬರ್ನ್‌ಗೆ ಕರೆಸಿಕೊಳ್ಳುವ ವಿಚಾರವನ್ನು ಸದ್ಯ ಮುಂದಕ್ಕೆ ಹಾಕಿ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಫೋನಿನಲ್ಲಿ ಅವರೊಡನೆ ಮಾತನಾಡುವುದಾಗಿ ಉತ್ತರಿಸಿದ್ದಾನೆ.